ಚಾಟಿ, ಹಾರೆ ಮತ್ತು ನಡೆಯದ ಹನ್ನೆರಡು ರೌಂಡು

ತಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಕೂಗಾಡುತ್ತೇನೆ, ನೀನು "ಹ್ಞೂಂ ಅಣ್ಣ, ಹ್ಞೂಂ ಅಣ್ಣ" ಅನ್ನುತ್ತಾ ಇಟ್ಟುಬಿಡುತ್ತೀಯ. ಅದಕ್ಕೇ ಬರೆದು, ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಪೂರ್ತಿ ಓದು. ಅರ್ಧಕ್ಕೆ ಮಡಚಿ ಜೇಬಿಗಿಟ್ಟೆಯೋ, ಬಸ್ಸು ಹತ್ತಿ ಬಂದು ಎದುರು ಕೂತು ಓದಿಸುತ್ತೇನೆ.

ಗುರುವಾರ ನನ್ನ ಅಂಗಡಿಗೆ ಯಾರು ಬಂದಿದ್ದರು ಗೊತ್ತೇನು? ಹಾರೆ! ಗೋದಾಮಿನ ಹಾರೆ! ಮೂವತ್ತೊಂದು ವರ್ಷದ ಹಿಂದೆ ನೀನೂ ಅವನೂ ಹನ್ನೆರಡು ರೌಂಡು ಆಡಬೇಕಿದ್ದು, ಒಂದು ಗುದ್ದೂ ಬೀಳದೆ ಮನೆಗೆ ಹೋದಿರಲ್ಲ, ಅದೇ ಹಾರೆ. ಗುದ್ದು ಕಲ್ಲಾಗಲೆಂದು ಕೈಪಟ್ಟಿಯೊಳಗೆ ಪ್ಲಾಸ್ಟರ್ ಇಟ್ಟುಕೊಂಡು ಬಂದಿದ್ದ ಎಂದು ನಾನು ಊರೆಲ್ಲ ಡಂಗುರ ಹೊಡೆದವನು.

ನಾನು ಒಂದು ಗ್ಲೌಸಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಬಾಗಿಲಿಗೆ ಅಡ್ಡ ಯಾರೋ ನಿಂತರು, ಬೆಳಕು ಹೋಯಿತು. "ಯಾರ್ರೀ ಅದು, ಗೋಡೆ ಥರ ನಿಂತ್ಕೊಂಡು" ಎಂದು ಬೈದೆ. ತಲೆ ಎತ್ತಿದರೆ ಅವನು. ಕೂದಲು ಪೂರಾ ಬಿಳಿ. ಆದರೆ ಕುತ್ತಿಗೆ ಅದೇ, ಭುಜಕ್ಕೆ ನೇರ ಅಂಟಿಸಿದ ಹಾಗಿರುವ ಗೂಳಿ ಕುತ್ತಿಗೆ. ಕೈಯಲ್ಲಿ ಭಾನುವಾರದ ಸನ್ಮಾನದ ಕರಪತ್ರ. ಹಳೆಯ ಬಾಕ್ಸಿಂಗ್ ಹಾಲಿನಲ್ಲಿ 'ಚಾಟಿ'ಗೆ, ಅಂದರೆ ನಿನಗೆ, ಮಾಡುತ್ತಿರುವ ಸನ್ಮಾನ.

ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಕೈಗೆ ಚರ್ಮ ಕತ್ತರಿಸುವ ಉಳಿ ತಗೊಂಡೆ. ಅವನು ಕರಪತ್ರವನ್ನು ನನ್ನ ಮೇಜಿನ ಮೇಲೆ ಪಟ್ಟನೆ ಬಡಿದಿಟ್ಟು ಏನಂದ ಗೊತ್ತಾ?

"ಯಜಮಾನ್ರೇ, ಇದೇನಿದು? ನಾಲ್ಕನೇ ರೌಂಡಿಗೇ ಚಾಟಿ ನನ್ನನ್ನ ಮಲಗಿಸ್ತಿದ್ದ ಅಂತ ಬರೆದಿದ್ದೀರಿ? ನಾಲ್ಕನೇ ರೌಂಡು? ಬಾಯಿಗೆ ಬಂದಿದ್ದನ್ನ ಅಚ್ಚು ಹಾಕ್ಸೋದಾ?"

ಅದರ ಮೇಲಿನ ಸಾಲಿನಲ್ಲೇ ಪ್ಲಾಸ್ಟರ್ ವಿಷಯವೂ ಇತ್ತು. 'ಮೋಸ ಬಯಲಾಗಿ ಎದುರಾಳಿ ಹಿಂದೆ ಸರಿದ' ಎಂದು. ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ ಮಹಾರಾಯ. ಅವನ ಹೊಟ್ಟೆ ಉರಿದಿದ್ದು ನಾಲ್ಕನೇ ರೌಂಡಿಗೆ!

ನನಗೆ ರೇಗಿತು. ಆ ಮಾತು ಕರಪತ್ರದವರಿಗೆ ಹೇಳಿದ್ದೇ ನಾನು. "ನಾಲ್ಕು ಅಂತ ಹೇಳಿದ್ದು ನಿನ್ನ ಮರ್ಯಾದೆಗೆ ಕಣಯ್ಯಾ, ಮೂರಕ್ಕೇ ಮುಗೀತಿತ್ತು" ಅಂದೆ. ಅಷ್ಟು ಸಾಕಿತ್ತು, ಶುರುವಾಯಿತು ನೋಡು.

ಪಕ್ಕದ ಅಂಗಡಿಯ ಕ್ಷೌರಿಕ ಗಲಾಟೆ ಕೇಳಿ, ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ಸೋಪು ಬಿಟ್ಟು ಓಡಿ ಬಂದ. ಆ ಗಿರಾಕಿಯೂ ಅರ್ಧ ನೊರೆ ಮುಖದಲ್ಲೇ ಬಂದು ನಿಂತ. ಹಾರೆ ಅಂದ, "ಚಾಟಿ ಆಡಿದ್ದೆಲ್ಲ ಯಾರ ಜೊತೆ? ಮೂವತ್ತೊಂದು ಗೆಲುವಲ್ಲಿ ಅರ್ಧಕ್ಕರ್ಧ ಬಸ್ ಕಂಡಕ್ಟರುಗಳು. ಟಿಕೆಟ್ ಹರಿಯೋ ಕೈ, ಗುದ್ದೋ ಕೈ ಅಲ್ಲ." ನಾನು ಬಿಡ್ತೀನಾ? "ನೀನು ಮೂರು ಸಲ ನೆಲ ನೆಕ್ಕಿದೀಯಲ್ಲ, ನನ್ನ ತಮ್ಮ ಒಂದೇ ಒಂದು ಸಲ ಮಂಡಿ ಊರಿದ್ದು ತೋರ್ಸು" ಅಂದೆ. ಅದಕ್ಕೆ ಅವನು ಕೊಟ್ಟ ಉತ್ತರ ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತಿದೆ. "ಬಿದ್ದವನಿಗೆ ಎದ್ದೇಳೋದು ಗೊತ್ತು ಯಜಮಾನ್ರೇ. ಚಾಟಿಗೆ ಗೊತ್ತಿತ್ತೋ ಇಲ್ವೋ, ಯಾರಿಗೆ ಗೊತ್ತು? ಅವನಿಗೇ ಗೊತ್ತಿರ್ಲಿಲ್ಲ." ಕ್ಷೌರಿಕ "ಪಾಯಿಂಟು, ಪಾಯಿಂಟು!" ಎಂದು ಕಿರುಚಿದ. ನನ್ನ ಗೋಡೆಗೆ ಒರಗಿ ನಿಂತುಕೊಂಡು ಅವನ ಕಡೆ ವಾದ!

ಕೊನೆಗೆ ಬಾಯಲ್ಲಿ ಮುಗಿಯುವುದಿಲ್ಲ ಎಂದು ಬೆಂಚು ಸರಿಸಿದೆವು. ಚರ್ಮಕ್ಕೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ರಿಂಗು ಬರೆದೆ. ನಾನು ನೀನಾದೆ, ಅವನು ಅವನೇ. ಕ್ಷೌರಿಕ ರೆಫರಿ. ರೌಂಡಿನ ಗಂಟೆಗೆ ಕತ್ತರಿಯಿಂದ ಟೀ ಲೋಟ ಬಡಿದ. ಗುದ್ದುವುದಿಲ್ಲ, ಗುದ್ದು ಎಲ್ಲಿ ಬೀಳುತ್ತಿತ್ತು ಎಂದು ತೋರಿಸುವುದು, ಎದುರಿನವನು ಒಪ್ಪಿದರೆ ಮುಂದಿನದು.

ತಮ್ಮಾ, ಎಪ್ಪತ್ತೆರಡು ವರ್ಷಕ್ಕೆ ನನ್ನ ಮಂಡಿ ಹಾಗೆ ಕುಣಿಯುತ್ತದೆ ಎಂದು ನನಗೇ ಗೊತ್ತಿರಲಿಲ್ಲ! ಮೊದಲ ಎರಡು ರೌಂಡು ನಿನ್ನವು. ಅವನೇ ಒಪ್ಪಿಕೊಂಡ. ನಿನ್ನ ಉದ್ದನೆಯ ಎಡಗೈ ದಾಟಿ ಅವನಿಗೆ ಒಳಗೆ ಬರಲಾಗಲಿಲ್ಲ. ಮೂರನೆಯದರಲ್ಲಿ ಅವನು ತಗ್ಗಿ, ನಿನ್ನ ಎಡಗೈ ಕೆಳಗೆ ನುಸುಳಿ ಪಕ್ಕೆಗೆ ಎರಡು ಇಟ್ಟ. ನಾನು ಒಪ್ಪಲಿಲ್ಲ. "ಮತ್ತೆ ಮಾಡು" ಅಂದೆ. ಮತ್ತೆ ಮಾಡಿದ. ಈ ಸಲ ಒಪ್ಪಲೇಬೇಕಾಯಿತು. ನಾಲ್ಕನೆಯದು ದಾಟಿತು, ಅವನು ನಿಂತೇ ಇದ್ದ. "ಏನ್ ಯಜಮಾನ್ರೇ, ಮಲಗ್ಲಿಲ್ವಲ್ಲ?" ಎಂದು ನಕ್ಕ. ನಿನ್ನ ಅತ್ತಿಗೆ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು, "ಏನ್ರೀ, ಈ ವಯಸ್ಸಲ್ಲಿ ಸೊಂಟ ಹಿಡ್ಕೊಂಡ್ರೆ ಎಣ್ಣೆ ಹಚ್ಚೋಳು ನಾನಲ್ಲ" ಎಂದು ಹೊರಟುಹೋದಳು.

ಏಳನೇ ರೌಂಡಿನಲ್ಲಿ ಅವನ ಬಲಗೈ ಬಂತು. ನಿಧಾನವಾಗಿ ತಂದು ನನ್ನ ಗದ್ದಕ್ಕೆ ಮುಟ್ಟಿಸಬೇಕು. ನಾನು ಅಂಗೈ ಒಡ್ಡಿ ಹಿಡಿದೆ. ಮುಷ್ಟಿ ಪೂರ್ತಿ ನನ್ನ ಅಂಗೈಯೊಳಗೆ.

ಆಗ ಸಿಕ್ಕಿತು. ನಡುಬೆರಳಿನ ಬುಡದಲ್ಲಿ, ಅಡಿಕೆಯಷ್ಟು ದಪ್ಪದ ಗಂಟು. ಗಟ್ಟಿ. ಪಕ್ಕಾ ಕಲ್ಲು.

ನನ್ನ ಬೆರಳು ಚರ್ಮದೊಳಗೆ ಮುರಿದುಳಿದ ಸೂಜಿಯನ್ನು ಕಣ್ಣು ಮುಚ್ಚಿ ಹುಡುಕುವ ಬೆರಳು. ಒಂದು ಸಲ ಮುಟ್ಟಿದ್ದನ್ನು ಮರೆಯುವುದಿಲ್ಲ. ಆವತ್ತು ಪಟ್ಟಿಯ ಮೇಲಿಂದ ನನಗೆ ಸಿಕ್ಕಿದ್ದು ಅದೇ ಗಂಟು. ಅದೇ ಜಾಗ, ಅದೇ ಗಾತ್ರ. ಈಗ ಪಟ್ಟಿಯೇ ಇಲ್ಲ, ಪ್ಲಾಸ್ಟರೂ ಇಲ್ಲ. ಬರೀ ಕೈ.

"ಇದೇನಿದು?" ಅಂದೆ.

"ಮೂಳೆ. ಇಪ್ಪತ್ತನೇ ವಯಸ್ಸಲ್ಲಿ ಗೋದಾಮಲ್ಲಿ ಪೆಟ್ಟಿಗೆ ಬಿದ್ದು ಮುರೀತು, ಸೊಟ್ಟ ಕೂತ್ಕೊಂಡ್ತು" ಅಂದ. ನಾನು ಹೆಬ್ಬೆರಳಲ್ಲಿ ಒತ್ತಿದೆ. "ಅಯ್ಯಯ್ಯೋ, ನೋವು ಮಾರಾಯ್ರೇ!" ಎಂದು ಕೈ ಕಿತ್ತುಕೊಂಡ.

ಆವತ್ತಿನದು ನಿನಗೆ ಗೊತ್ತಿರುವುದು ಅರ್ಧ ಮಾತ್ರ. ಇನ್ನರ್ಧ ಈಗ ಕೇಳು. ಕಟ್ಟಳೆ ನಿನಗೆ ಗೊತ್ತೇ ಇದೆ, ಒಬ್ಬನ ಕೈಗೆ ಪಟ್ಟಿ ಕಟ್ಟುವಾಗ ಎದುರಾಳಿಯ ಕಡೆಯವನೊಬ್ಬ ನಿಂತು ನೋಡಬೇಕು, ಮುಟ್ಟಿ ನೋಡಿ ಪಟ್ಟಿಯ ಮೇಲೆ ಸಹಿ ಹಾಕಬೇಕು. ನಿನ್ನ ಕಡೆಯಿಂದ ಹೋದವನು ನಾನು. ಆದರೆ ಹಾಲ್ ನಡೆಸುವವರ ಹತ್ತಿರ ಕುರ್ಚಿ ವಿಷಯಕ್ಕೆ ಜಗಳ ತೆಗೆದು ಹತ್ತು ನಿಮಿಷ ತಡವಾಗಿ ಹೋದೆ. ಅಷ್ಟರಲ್ಲಿ ಅವನ ಅಕ್ಕ ಪಟ್ಟಿ ಕಟ್ಟಿ ಮುಗಿಸಿದ್ದಳು. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಅವಳದು, ಎಷ್ಟು ನೀಟಾದ ಕೈಯೆಂದರೆ ಒಂದು ಸುಕ್ಕಿಲ್ಲ. ಕಟ್ಟುವುದನ್ನು ನೋಡದ ಸಿಟ್ಟು ನನಗೆ. ಮುಟ್ಟಿದೆ, ಗಂಟು ಸಿಕ್ಕಿತು. "ಬಿಚ್ಚು" ಅಂದೆ. ಅವನು, "ನನ್ನಕ್ಕ ಕಟ್ಟಿದ್ದು, ಕಳ್ಳನ ಥರ ಬಿಚ್ಚಲ್ಲ" ಎಂದು ಸೆಟೆದು ನಿಂತ. ಆಗ ಅವಳು ನನ್ನನ್ನು ಸಮಾಧಾನ ಮಾಡಿದಳು. "ಸ್ವಾಮೀ, ಅದು ಮೂಳೆ. ಇನ್ನೊಂದು ಸಲ ಜೋರಾಗಿ ಒತ್ತಿ ನೋಡಿ. ಅವನಿಗೆ ನೋವಾಗತ್ತೆ. ಪ್ಲಾಸ್ಟರಿಗೆ ನೋವಾಗತ್ತಾ?"

ಒತ್ತಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಒತ್ತಲಿಲ್ಲ. ಹೆಂಗಸೊಬ್ಬಳು ನನಗೆ ಹೇಳಿಕೊಡುವುದೇ ಎಂಬ ಕೊಬ್ಬು. ಬಾಗಿಲು ದಡಾರನೆ ತೆಗೆದು, "ಪ್ಲಾಸ್ಟರ್! ಕೈಯೊಳಗೆ ಪ್ಲಾಸ್ಟರ್!" ಎಂದು ಹಾಲಿಗೆಲ್ಲ ಕೇಳುವ ಹಾಗೆ ಕೂಗಿದೆ. ಆಮೇಲಿನದು ನಿನಗೆ ಗೊತ್ತು. ಕುರ್ಚಿಗಳು ಹಾರಿದವು, ಪೊಲೀಸರು ಬಂದರು, ನೂಕಾಟದಲ್ಲಿ ಅವನ ಪಟ್ಟಿ ಹರಿದು ಯಾರ ಕಾಲಡಿಗೋ ಹೋಯಿತು. ಆಮೇಲೆ ಅವನು ಬರೀ ಕೈ ತೋರಿಸಿದರೆ ನಂಬುವವರು ಯಾರು? 'ಪ್ಲಾಸ್ಟರ್ ಕಿತ್ತು ಎಸೆದ' ಅಂದರು. ನಾನೇ ಅಂದೆ. ಚಾಂಪಿಯನ್ ಬೆಲ್ಟು ನಿನಗೆ ಕೊಟ್ಟರು.

ನೀನು ಗ್ಲೌಸು ಹಾಕಿಕೊಂಡು ಕೂತಿದ್ದವನು, "ಪ್ಲಾಸ್ಟರ್ ಇದ್ರೂ ಇರ್ಲಿ ಅಣ್ಣಾ, ನಾನು ಆಡ್ತೀನಿ, ಬಿಡು" ಎಂದು ಅಳುತ್ತಾ ಕೇಳಿದೆ. ನಾನು ನಿನ್ನ ಕೆನ್ನೆಗೆ ಬಾರಿಸಿದೆ. ಆವತ್ತು ನಿನಗೆ ಬಿದ್ದ ಏಟು ಅದೊಂದೇ. ಆಮೇಲೆ ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ 'ಚಾಟಿ ದೊಡ್ಡವನೋ ಹಾರೆ ದೊಡ್ಡವನೋ' ಎಂಬ ಮಾತು ಬಂದರೂ ನನ್ನ ಗಂಟಲೇ ಮೇಲೆ, ನೀನು ಎದ್ದು ಹೊರಗೆ ಹೋಗುತ್ತಿದ್ದೆ. ಇವನಿಗೆ ಅಣ್ಣನ ಮೇಲೆ ಅಭಿಮಾನ ಇಲ್ಲ ಎಂದು ನಾನು ಉರಿದುಕೊಳ್ಳುತ್ತಿದ್ದೆ. ನಿನ್ನ ಜೀವನದ ದೊಡ್ಡ ಪಂದ್ಯವನ್ನು ನಿನ್ನ ಕೈಯಿಂದ ಕಿತ್ತುಕೊಂಡವನು ನಾನೇ ಎಂಬುದು ನನ್ನ ದಪ್ಪ ಬುರುಡೆಗೆ ಹೊಳೆಯಲೇ ಇಲ್ಲ.

ಹಾರೆಗೆ ಅಲ್ಲೇ, ಕ್ಷೌರಿಕನ ಮುಂದೆಯೇ ಹೇಳಿದೆ, ತಪ್ಪು ನನ್ನದು ಎಂದು. "ನನಗೆ ಹೇಳಿದ್ರೆ ಏನು ಬಂತು ಯಜಮಾನ್ರೇ? ಆಮೇಲೆ ಯಾರೂ ನನ್ನ ಜೊತೆ ಆಡ್ಲಿಲ್ಲ, ಹೋಗ್ಲಿ, ಮೂಟೆ ಹೊತ್ತೆ, ಹುಡುಗರಿಗೆ ಹೇಳ್ಕೊಟ್ಟೆ, ಬದುಕಿದೆ. ಅಕ್ಕನಿಗೆ ಹೇಳಿ. ಆಸ್ಪತ್ರೇಲಿ ಅವಳು ರಿಟೈರ್ ಆಗೋವರೆಗೂ 'ಪ್ಲಾಸ್ಟರಮ್ಮ' ಅಂತಲೇ ಕರೆದ್ರು" ಅಂದ.

ಶುಕ್ರವಾರ ಬೆಳಿಗ್ಗೆ ಹೋದೆ. ಎಪ್ಪತ್ತೊಂಬತ್ತು ವರ್ಷ ಆಕೆಗೆ. ಬೆನ್ನು ನೆಟ್ಟಗಿದೆ, ಕಣ್ಣು ಚೂಪು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು, ಕೂತುಕೋ ಅನ್ನಲಿಲ್ಲ. ಯಾರಾದರೂ ಕೇಳಿಸಿಕೊಂಡಾರು ಎಂದು ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ, ತಲೆ ತಗ್ಗಿಸಿ ಎಲ್ಲ ಹೇಳಿದೆ. ತಮ್ಮಾ, ನನ್ನ ದನಿ ಏರಲೇ ಇಲ್ಲ. ನನ್ನ ದನಿ!

ಆಕೆ ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಆವತ್ತು ಬಾಗಿಲು ತೆಗೆದು ಕೂಗಿದ್ದೆ. ಇವತ್ತು ಬಾಗಿಲು ಹಾಕ್ಕೊಂಡು ಪಿಸುಗುಟ್ತಾ ಇದೀಯಲ್ಲಪ್ಪಾ."

ಅಷ್ಟೇ. ಒಂದು ಲೋಟ ನೀರು ಕೊಟ್ಟು ಕಳಿಸಿದಳು.

ಈಗ ನಿನಗೆ ಹೇಳಬೇಕಾದದ್ದು. ಭಾನುವಾರ ವೇದಿಕೆಯ ಮೇಲೆ ನಿನ್ನ ಬಗ್ಗೆ ಎರಡು ಮಾತಾಡಲು ನನ್ನ ಹೆಸರಿದೆ. ನಾನು ಮಾತಾಡುವುದು ಆಕೆಯ ಬಗ್ಗೆ, ಆಕೆ ಕಟ್ಟಿದ ಪಟ್ಟಿಯ ಬಗ್ಗೆ. ಹಾಲಿನ ಬಾಗಿಲು ಎಲ್ಲ ತೆಗೆದಿಡಿ ಎಂದು ಮೊದಲೇ ಹೇಳಿದ್ದೇನೆ. ಮೈಕು ಕೆಟ್ಟರೂ ಚಿಂತೆಯಿಲ್ಲ, ಬೀದಿಯ ತುದಿಗೆ ಕೇಳುವ ಗಂಟಲು ಇನ್ನೂ ಇದೆ. ಕರಪತ್ರದವರು "ಸನ್ಮಾನ ಕೆಡುತ್ತೆ ಹಿರಿಯರೇ" ಎಂದು ಗೋಗರೆದರು. ಕೆಡಲಿ ಎಂದೆ. ಹಾರೆ ಬರುತ್ತಾನೆ, ಅಕ್ಕನನ್ನೂ ಕರೆತರುವುದಾಗಿ ಹೇಳಿದ್ದಾನೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಟ್ಟಿದ್ದೇನೆ.

ನಿನ್ನ ಹೆಸರಿನ ಹಿಂದಿನ 'ಅಜೇಯ ಚಾಂಪಿಯನ್' ಸ್ವಲ್ಪ ಅಲುಗಾಡುತ್ತದೆ, ಅದು ನನಗೆ ಗೊತ್ತು. ನಿನ್ನ ಮೂವತ್ತೊಂದು ಗೆಲುವನ್ನು ಯಾರೂ ಮುಟ್ಟಲಾರರು, ಕಂಡಕ್ಟರುಗಳನ್ನೂ ಸೇರಿಸಿ. ಆದರೆ ಆ ಬೆಲ್ಟು ನೀನು ಗೆದ್ದದ್ದಲ್ಲ, ನನ್ನ ಬಾಯಿ ತಂದುಕೊಟ್ಟದ್ದು. ಹಾರೆಗೆ ಕೊಡು ಎನ್ನುವುದಿಲ್ಲ, ಅವನೂ ಗೆಲ್ಲಲಿಲ್ಲ. ಗೋಡೆಯಿಂದ ಇಳಿಸಿ ತಂದು ಇಬ್ಬರ ನಡುವೆ ಮೇಜಿನ ಮೇಲಿಡು. ನೋಡುವವರು ನೋಡಲಿ.

ಯಾರು ಗೆಲ್ಲುತ್ತಿದ್ದಿರಿ? ಗುರುವಾರದಿಂದ ಅದೇ ಧ್ಯಾನ. ಏಳನೇ ರೌಂಡಿನ ಆಚೆಗೆ ನನಗೆ ಏನೂ ಕಾಣುತ್ತಿಲ್ಲ. ಗೊತ್ತಿಲ್ಲ ಕಣೋ. ಸತ್ಯವಾಗಿಯೂ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಈ ಮಾತು ಹೇಳುತ್ತಿದ್ದೇನೆ. ಇದಕ್ಕೆ ಉತ್ತರ ಹೇಳಬಲ್ಲವರು ಇಬ್ಬರೇ. ಒಬ್ಬ ಬರುತ್ತಾನೆ. ಇನ್ನೊಬ್ಬ ನೀನು.

ಕೋಪ ಬಂದರೆ ಬರಲಿ, ಬೈಯುವುದನ್ನೆಲ್ಲ ಎದುರಿಗೇ ಬೈ, ಒಂದಕ್ಕೂ ಅಡ್ಡ ಬರುವುದಿಲ್ಲ. ಬಾರದೆ ಮಾತ್ರ ಇರಬೇಡ. ನೀನು ಬಂದರೂ ಬಾರದಿದ್ದರೂ ಹತ್ತು ಗಂಟೆಗೆ ನಾನು ಕೂಗುವವನೇ.

ನಿನಗೂ ನಿನ್ನ ಹೆಂಡತಿಗೂ ಆಯುಸ್ಸು ಗಟ್ಟಿಯಾಗಿರಲಿ, ಮನೆ ತುಂಬಿರಲಿ, ಕೈಕಾಲಿನ ಕಸುವು ಕೊನೆತನಕ ಉಳಿಯಲಿ ಎಂದು ಹರಸುವ,

ನಿನ್ನ ಬಾಯಿಬಡುಕ ಅಣ್ಣ