ರೀಮ್‌ಳ ಮರಿಗಳ ಫಾರಂ

ಬುದಯ್ಯ, ಬಹ್ರೈನ್
ಭಾನುವಾರ ಬೆಳಿಗ್ಗೆ

ಪೌಲಿನ್,

ಹಮದ್ ಟೌನಿನ ಆ ಸಾಕುಪ್ರಾಣಿ ಅಂಗಡಿಯಲ್ಲಿ ನೀನು ಬೆಕ್ಕುಗಳಿಗೆ ಸ್ನಾನ ಮಾಡಿಸುತ್ತೀ ಎಂದು ಕೇಳಿದೆ. ಓಟದ ಗ್ರೇಹೌಂಡ್ ಸಾಕಿದ ಕೈ ಅದು. ನೀನು ಅಲ್ಲಿಗೆ ಹೋಗುವ ಹಾಗೆ ಮಾಡಿದವಳು ನಾನು.

ಝುಲ್ಫಾ ಮೇಡಂ ಅವರ ಈ ನಾಯಿ ಫಾರ್ಮಿನ ಆಫೀಸಿಗೆ ನಾನು ಸೇರಿದಾಗ ರೀಮ್ ಇನ್ನೂ ಕಣ್ಣು ಬಿಡದ ಮರಿ. ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು ನಾನು. ನಾಲ್ಕು ವರ್ಷದ ಮೇಲೆ ನಾಯಿಗಳನ್ನು ನೋಡಿಕೊಳ್ಳಲು ಊರಿನಿಂದ, ಕುಲಶೇಖರದಿಂದ, ನೀನು ಬಂದೆ. ತಿಂಗಳು ತುಂಬುವುದರೊಳಗೆ ಅವಳು ನನ್ನ ಮೇಜಿನ ಕೆಳಗೆ ಮಲಗುವುದನ್ನು ಬಿಟ್ಟು ನಿನ್ನ ಹಿಂದೆ ತಿರುಗತೊಡಗಿದಳು. ನಾನು ಕರೆದರೆ ಬಾಲ ಆಡಿಸುತ್ತಿದ್ದಳು, ಅಷ್ಟೇ. ನೀನು ಕರೆಯುವುದೇ ಬೇಕಿರಲಿಲ್ಲ.

ಅವಳು ಆರು ಮರಿ ಹಾಕಿದ ದಿನ ನಾನೂ ಬಾಗಿಲಲ್ಲಿ ನಿಂತಿದ್ದೆ. ಮೇಡಂ ಒಳಗೆ ಬಂದು, "ಮರಿಗಳ ನೋಂದಣಿ ಫಾರಂನಲ್ಲಿ ತಳಿಗಾರರು ಅನ್ನುವ ಕಡೆ ಪೌಲಿನ್ ಹೆಸರು ಹಾಕು" ಎಂದು ನನಗೇ ಹೇಳಿದರು. ಹೆತ್ತವರ ರಕ್ತಪರೀಕ್ಷೆ, ಜೋಡಿ ಮಾಡುವ ಮೊದಲಿನ ಅನುಮತಿ, ಅಷ್ಟೂ ಕಾಗದ ಓಡಾಡಿ ಮಾಡಿಸಿದವಳು ನಾನು. ಮರಿ ಓಟ ಗೆದ್ದಾಗಲೆಲ್ಲ ಅದನ್ನು ಬೆಳೆಸಿದ ತಳಿಗಾರರೆಂದು ಕೂಗಿ ಹೇಳುವ ಹೆಸರು ಮಾತ್ರ ನಿನ್ನದು.

ಮೂರನೇ ದಿನ ನೀನು ಸಹಿ ಮಾಡಿ ಫಾರಂ ತಂದುಕೊಟ್ಟೆ. ಹುಟ್ಟಿದ ಹತ್ತು ದಿನದೊಳಗೆ ನೋಂದಣಿ ಕಚೇರಿಗೆ ತಲುಪದಿದ್ದರೆ ಆ ಮರಿಗಳು ಯಾವತ್ತೂ ಓಟಕ್ಕಿಲ್ಲ ಎಂಬುದು ನನಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು. ಡ್ರಾಯರ್‌ನಲ್ಲಿ ಇಟ್ಟೆ. ನಾಳೆ ಕಳಿಸಿದರಾಯಿತು ಅಂದುಕೊಂಡೆ. ಏಳನೇ ದಿನ ನೀನು, "ಮಧು ಅಕ್ಕ, ಆ ಪೇಪರ್ ಹೋಯ್ತಲ್ವಾ?" ಎಂದು ಕೇಳಿದೆ. ರೀಮ್ ನಿನ್ನ ಕಾಲಿಗೆ ಒರಗಿ ನಿಂತಿದ್ದಳು. "ಹೋಯ್ತು" ಅಂದೆ.

ಮೂರು ತಿಂಗಳಿಗೆ ಗುರುತಿನ ಚಿಪ್ ಹಾಕಲು ನೋಂದಣಿ ಕಚೇರಿಯಿಂದ ಬಂದವನ ಪಟ್ಟಿಯಲ್ಲಿ ನಮ್ಮ ಮರಿಗಳೇ ಇರಲಿಲ್ಲ. ಮೇಡಂ ಇಬ್ಬರನ್ನೂ ಕರೆದರು. "ಪೌಲಿನ್ ನನಗೆ ಫಾರಂ ಕೊಟ್ಟೇ ಇಲ್ಲ" ಅಂದುಬಿಟ್ಟೆ. ನೀನು ನನ್ನ ಮುಖ ನೋಡಿದೆ. ಜಗಳ ಮಾಡುತ್ತೀ ಅಂದುಕೊಂಡಿದ್ದೆ. "ನಾನು ಮರೆತಿರಬೇಕು ಮೇಡಂ" ಅಂದೆ ನೀನು. ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದ ನನಗೆ ಅದೂ ಸಹಿಸಲಾಗಲಿಲ್ಲ. ಇವಳು ಒಳ್ಳೆಯವಳೂ ಆಗಬೇಕೇ ಎಂದು ಉರಿಯಿತು.

ಕೆಲಸ ಕಳೆದುಕೊಂಡು ನೀನು ಹೋದೆ. ಆರು ಮರಿಗಳನ್ನೂ ಮೇಡಂ ಪರಿಚಯದ ಮನೆಗಳಿಗೆ ಕೊಟ್ಟರು. ಎಲ್ಲವೂ ಚೆನ್ನಾಗಿವೆ, ಒಂದೂ ಓಡುವುದಿಲ್ಲ. ರೀಮ್ ವಾರಗಟ್ಟಲೆ ಗೇಟಿನ ಬಳಿ ಕೂತಳು. ಆಮೇಲೆ ನನ್ನ ಮೇಜಿನ ಕೆಳಗೆ ಬಂದು ಮಲಗಿದಳು. ನಾನು ಬಯಸಿದ್ದು ಅದನ್ನೇ. ಆದರೆ ಅವಳ ತಲೆ ಮುಟ್ಟಲು ಕೈ ಏಳಲಿಲ್ಲ.

ಹೋದ ವಾರ ಅವಳನ್ನು ಮತ್ತೆ ಜೋಡಿ ಮಾಡಲು ಅನುಮತಿಯ ಕಾಗದ ಬಂತು. "ಈ ಸಲ ತಳಿಗಾರರ ಜಾಗದಲ್ಲಿ ನಿನ್ನ ಹೆಸರು ಬರಿ" ಅಂದರು ಮೇಡಂ. ಪೆನ್ ಹಿಡಿದೆ. ಮಧುಶ್ರೀ ಎಂಬ ಹೆಸರಿನ ಮೊದಲ ಅಕ್ಷರವೂ ಮೂಡಲಿಲ್ಲ. ಡ್ರಾಯರ್ ತೆಗೆದು ನಿನ್ನ ಹಳೆಯ ಫಾರಂ ಅವರ ಮುಂದಿಟ್ಟು ಎಲ್ಲ ಹೇಳಿದೆ. ಅವರು ನಿನ್ನ ಸಹಿಯ ಕೆಳಗಿನ ದಿನಾಂಕ ಓದಿದರು. "ಮೊದಲು ಪೌಲಿನ್‌ಗೆ ಹೇಳು. ಆಮೇಲೆ ನೀನು ಇಲ್ಲಿ ಇರುವುದು ಬೇಡ" ಅಂದರು. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ನಿನ್ನನ್ನು ಮತ್ತೆ ಕೆಲಸಕ್ಕೆ ಕರೆಯಲು ಅವರು ಫೋನ್ ಮಾಡುತ್ತಾರೆ. ಎತ್ತು. ರೀಮ್‌ಗೆ ನೀನು ಬೇಕು.

ನಾನು ಬದಲಾದೆ ಎಂದು ಬರೆಯಲಾರೆ. ನೀನು ಗೇಟಿನೊಳಗೆ ಕಾಲಿಟ್ಟ ಕೂಡಲೇ ಅವಳು ಹೇಗೆ ಓಡಿ ಬರುತ್ತಾಳೆ ಎಂದು ನೆನೆದರೆ ಈಗಲೂ ಎದೆ ಉರಿಯುತ್ತದೆ. ಇನ್ನೊಂದು ಹೆದರಿಕೆಯೂ ಇದೆ. ಇದನ್ನು ಓದಿದ ಕೂಡಲೇ ನೀನು ನನ್ನನ್ನು ಕ್ಷಮಿಸಿಬಿಡುತ್ತೀ. ಅದರಲ್ಲೂ ನೀನೇ ಗೆಲ್ಲಬೇಡ, ಪೌಲಿನ್. ಸ್ವಲ್ಪ ದಿನ ನನ್ನ ಮೇಲೆ ಸಿಟ್ಟಾಗಿರು.

ನಿನ್ನ ಕೈಯಲ್ಲಿ ಹುಟ್ಟುವ ಮರಿಗಳು ನಿನ್ನ ಹೆಸರಿನಲ್ಲೇ ಓಡಲಿ.

ನಿನಗೆ ಅನ್ಯಾಯ ಮಾಡಿದ
ಮಧುಶ್ರೀ