ಅಕ್ಕನ ಆಟದ ಪೆಟ್ಟಿಗೆಗೆ ಯಾವ ಬಣ್ಣದ ಹಾಳೆ

ಗದಗ, ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರಾ ತೊಂಬತ್ತನಾಲ್ಕು.

ನನಗಿಂತ ಬಹಳ ಹಿಂದೆ ಬಾಳುತ್ತಿರುವ ಹಿರಿಯರಿಗೆ ಶಾಂಭವಿ ಮಾಡುವ ನಮಸ್ಕಾರ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವಿಲ್ಲವೆಂದು ಬಲ್ಲೆ, ನಮ್ಮದಕ್ಕಿದೆ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಮಗುವಿಗೆ ಐದು ತುಂಬಿದಾಗ ಕಣ್ಣಿಗೆ ಎಲೆ ಹಾಕಿಸುತ್ತಾರೆ. ಎಲೆಯೆಂದರೆ ಕಣ್ಣಾಲಿಯ ಮೇಲೆ ಕೂರುವ, ಈರುಳ್ಳಿ ಪೊರೆಯಷ್ಟು ತೆಳುವಾದ ಪರದೆ. ಅಂದು ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ. ಆಮೇಲೆ ಸಿನಿಮಾ, ಆಟ, ಅಂಗಡಿಯ ಬೋರ್ಡು ಎಲ್ಲವೂ ಎಲೆಯೊಳಗೇ ಕಾಣುತ್ತವೆ. ನನ್ನ ಅಕ್ಕ ನೀಲಾಂಬಿಕೆಯ ಕಣ್ಣಿಗೆ ಮಾತ್ರ ಎಲೆ ಒಗ್ಗಲಿಲ್ಲ. ಕಣ್ಣು ಊದಿ ಕೀವಾಯಿತು, ತೆಗೆಸಿದರು. ಅಂದಿನಿಂದ ಅವಳು ಬರಿಗಣ್ಣಿನವಳು. ಊಟವಾದ ಮೇಲೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ಒಂದೇ ಆಟ ಆಡುತ್ತೇವೆ, ಕೂಗುತ್ತೇವೆ, ಬಿದ್ದು ಬಿದ್ದು ನಗುತ್ತೇವೆ; ಅಕ್ಕ ಅವರೆಕಾಯಿ ಸುಲಿಯುತ್ತ ಕೂರುತ್ತಾಳೆ. ಈ ಸಂಕ್ರಾಂತಿಗೆ ಅವಳು ಹೇಳಿಯೇಬಿಟ್ಟಳು: ನೀವೆಲ್ಲಾ ಗ್ವಾಡಿ ನೋಡಿ ನಗತೀರಿ, ನನಗ ಬರೇ ಗ್ವಾಡಿ ಕಾಣತೈತಿ, ಯುಗಾದಿ ಆದಮ್ಯಾಲ ನಾ ಬರಿಗಣ್ಣೂರಿಗೆ ಹೋಗತೀನಿ. ಅವಳಂಥವರೇ ಸೇರಿ ಕಾರವಾರದಾಚೆಯ ನಡುಗಡ್ಡೆಯಲ್ಲಿ ಕಟ್ಟಿಕೊಂಡ ಊರದು. ಹೋದವರು ಮರಳಿ ಬಂದದ್ದಿಲ್ಲ.

ಅಕ್ಕ ಇಲ್ಲದ ಮನೆ ನನಗೆ ಬೇಡ. ಏನೇ ಆಗಲಿ, ಕಳಿಸುವುದಿಲ್ಲವೆಂದು ಹಟ ತೊಟ್ಟೆ. ನಿಮ್ಮ ಕಾಲದವರು ಒಂದೇ ಪರದೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತು ಆಡುತ್ತಿದ್ದ ಆಟದ ಪೆಟ್ಟಿಗೆಯ ಚಿತ್ರ ನೋಡಿದ್ದೆ. ಅದನ್ನೇ ಮಾಡಲು ಕೂತೆ. ಬೇವಿನ ಹಲಗೆ ಕೊಯ್ದು ಆಳೆತ್ತರದ ಪೆಟ್ಟಿಗೆ ಬಡಿದೆ, ಇಬ್ಬರು ಆಡಲೆಂದು ಎರಡು ಕೋಲು, ಒಂದಷ್ಟು ಗುಂಡಿ ಕೂರಿಸಿದೆ. ಹಳೇ ಟಿ.ವಿ. ಪರದೆ ತಿಪ್ಪೆಗಣಿಯಲ್ಲಿ ಸಿಕ್ಕಿತು. ತಿಪ್ಪೆಗಣಿಯೆಂದರೆ ನೀವು ಎಸೆದದ್ದನ್ನು ನಾವು ಅಗೆದು ತೆಗೆಯುವ ಗುಡ್ಡ. ಆದರೆ ಪರದೆಯ ಬಿಳಿ ಬೆಳಕು ಅಕ್ಕನ ಸೂಕ್ಷ್ಮ ಕಣ್ಣಿಗೆ ಚುಚ್ಚುತ್ತದೆ. ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಕಲೇಬೇಕು, ಪ್ಲಾಸ್ಟಿಕ್ಕನ್ನೋ ಈಗ ಯಾರೂ ಮಾಡುವುದಿಲ್ಲ. ಗಣಿಯಲ್ಲಿ ಕೆಲಸ ಮಾಡುವ ದಾವಲ್ ಕಾಕಾ ನಾಲ್ಕು ಹಾಳೆ ಹುಡುಕಿ ತಂದರು: ಜೇನುಬಣ್ಣ, ನೀಲಿ, ಹಸಿರು, ಹೊಗೆಬಣ್ಣ. ಹೊಸ ಸಾಮಾನಿನ ಮೇಲಿನ ಕವರನ್ನು ವರ್ಷಗಟ್ಟಲೆ ಕೀಳದ ನಿಮ್ಮ ಅಭ್ಯಾಸಕ್ಕೆ ದೊಡ್ಡ ನಮಸ್ಕಾರ. ಈ ಹಾಳೆಗಳ ಮೇಲೂ ಆ ಕವರು ಹಾಗೇ ಇದ್ದುದರಿಂದ ಒಂದು ಗೀರೂ ಬಿದ್ದಿರಲಿಲ್ಲ.

ಯಾವುದನ್ನು ಹಾಕುವುದು? ಅವ್ವ ಜೇನುಬಣ್ಣ ತಂಪೆಂದಳು. ಕಾಕಾ ನೀಲಿಯೆಂದರು. ನಾನು ಹಸಿರಿಗೆ ಜೋತುಬಿದ್ದೆ. ಬರಿಗಣ್ಣಿನವರ ಮುಂದೆ ಬಣ್ಣದ ಮಾತೆತ್ತಿದರೆ ಅವರಿಗೆ ನೋವಾಗುತ್ತದೆಂಬುದು ನಮ್ಮವರ ನಂಬಿಕೆ, ಹಾಗಾಗಿ ಹಿತ್ತಲಲ್ಲಿ ಪಿಸುಗುಟ್ಟುತ್ತಲೇ ಜಗಳವಾಡಿದೆವು. ಕೊನೆಗೆ ಅವ್ವ ಗೆದ್ದಳು. ಅಕ್ಕ ಬಂದು ಕೋಲು ಹಿಡಿದಳು. ಬಿಳಿ ಅಂಗಳ, ಹಳದಿ ಚೆಂಡು, ನೀಲಿ ಬ್ಯಾಟು, ಹಸಿರು ಗೋಡೆಯ ಆಟ. ಜೇನುಬಣ್ಣದ ಹಿಂದೆ ಬಿಳಿಯೂ ಹಳದಿಯೂ ಒಂದಾಗಿ ಚೆಂಡು ಅವಳಿಗೆ ಕಾಣಲೇ ಇಲ್ಲ. ನಾವೋ, ಅಗೋ ಅಲ್ಲೈತಿ ಎಂದು ಕೂಗುತ್ತಿದ್ದೆವು. ಅವಳು ಕೋಲು ಬಿಟ್ಟು ಎದ್ದುಹೋಗಿ ಟ್ರಂಕು ತೆಗೆದಳು.

ನನಗೆ ಆಗ ಹೊಳೆಯಿತು. ಯಾವ ಹಾಳೆಯ ಮೂಲಕ ನೋಡಿದರೂ ಎಲೆ ಬಣ್ಣಗಳನ್ನು ತಾನೇ ತಿದ್ದಿ ತೋರಿಸುತ್ತದೆ. ಎಲೆ ಹಾಕಿದವರು ಅಕ್ಕನಿಗೆ ಹಾಳೆ ಆರಿಸುವುದೆಂದರೆ ನೆಗಡಿ ಬಂದವರು ಸಾರಿನ ಘಮ ನೋಡಿದಂತೆ. ಮಾರನೆಯ ದಿನವೇ ಎಲೆ ತೆಗೆಸಲು ಹೋದೆ. ದೊಡ್ಡವರ ಕಣ್ಣಿಗೆ ಮತ್ತೆ ಹಾಕಲಾಗದು, ಯೋಚಿಸು ಎಂದು ಡಾಕ್ಟರು ಹೇಳಿದರು. ಅವ್ವ ಸೆರಗು ಬಾಯಿಗಿಟ್ಟು ಅತ್ತಳು. ಯೋಚನಿ ಆಗೇತಿ, ತಗೀರಿ ಎಂದೆ.

ನೋವಿಳಿದ ಮೇಲೆ ಹಾಳೆಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ನೀಲಿಯಲ್ಲಿ ಬ್ಯಾಟು ಮಾಯ, ಹಸಿರಿನಲ್ಲಿ ಗೋಡೆ ಮಾಯ. ಹೊಗೆಬಣ್ಣದ್ದು ಬೆಳಕನ್ನಷ್ಟೇ ತಗ್ಗಿಸಿ ಬಣ್ಣಗಳನ್ನು ಅವುಗಳ ಪಾಡಿಗೆ ಬಿಟ್ಟಿತು. ಅದನ್ನೇ ಕೂರಿಸಿ ಅಕ್ಕನನ್ನು ಎಳೆದು ತಂದೆ. ಆಡಿದ್ದೆಲ್ಲ ಅವಳೇ ಗೆದ್ದಳು. ಆಮೇಲೆ ನನ್ನ ಕೆಂಪು ಕಣ್ಣು ನೋಡಿ ಕೋಲು ಬಿಟ್ಟಳು. ಹುಚ್ಚಿ, ಇದಕ್ಕ ಎಲಿ ಕಳಕೊಂಡೇನ? ನನ್ನ ಒಂದ ಮಾತ ಕೇಳಿದ್ರ ಹೊಗಿಬಣ್ಣದ್ದ ಹಾಕ್ರಿ ಅಂತಿದ್ದೆ, ಎಂದಳು. ಮತ್ತೆ ಒಳಗೆ ಹೋಗಿ ಟ್ರಂಕು ತುಂಬತೊಡಗಿದಳು.

ನಿಮ್ಮಲ್ಲಿ ಇನ್ನೂ ಎಲೆ ಬಂದಿಲ್ಲ. ಬಂದಾಗ ಬೇಡವೆನ್ನಿ ಎಂದು ಹೇಳಲಾರೆ; ಹೋದದ್ದಕ್ಕೆ ನನಗೂ ದುಃಖವಿದೆ. ಆದರೆ ಅದು ಒಗ್ಗದವರೊಬ್ಬರು ನಿಮ್ಮ ಮನೆಯಲ್ಲೂ ಇರುತ್ತಾರೆ. ಅವರಿಗಾಗಿ ಹಲಗೆ ಕೊಯ್ಯುವ ಮೊದಲು ಬಾಯಿಬಿಟ್ಟು ಅವರನ್ನೇ ಕೇಳಿ. ಇಷ್ಟು ಒತ್ತಿ ಹೇಳಲು ಕಾರಣ ನಿನ್ನೆ ನಡೆದದ್ದು. ಅವ್ವ ಎರಡು ಸೀರೆ ಹಿಡಿದು ಅಕ್ಕನ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಈ ಮನೆಯಲ್ಲಿ ಯಾರೂ ಅವಳನ್ನು ಕೇಳದ ಮಾತು ಕೇಳಿದಳು: ಯಾವ ಬಣ್ಣದ್ದು ಉಡಲಿ, ನೀಲವ್ವಾ?

ಅಕ್ಕ ಟ್ರಂಕು ಬದಿಗೆ ಸರಿಸಿ, ಬೆಳಕಿಗಿ ತಾ, ನೋಡತೀನಿ ಎಂದಳು.