ಮೂರನೆಯ ಕೊಟೇಶನ್

ಮಾರ್ಚ್ 2, ಬೆಳಿಗ್ಗೆ 9.30

ಸಕ್ಕರೆ 188. ಕಾಲು: ಎರಡೂ ಸರಿ.

ಬೆರಳ ಸಂದಿ, ಹಿಮ್ಮಡಿ, ಅಂಗಾಲು, ಎಲ್ಲ ನೋಡಿದ್ದಾಯಿತು. ಸಕ್ಕರೆ ಕಾಯಿಲೆಯಿಂದ ಇವಳ, ನನ್ನ ಹೆಂಡತಿಯ, ಪಾದಗಳಿಗೆ ಸ್ಪರ್ಶ ಹೋಗಿ ನಾಲ್ಕು ವರ್ಷ. ಕಣ್ಣೂ ಮಂಜು, ತನ್ನ ಕಾಲು ತಾನು ನೋಡಿಕೊಳ್ಳಲಾರಳು. ಸಣ್ಣ ಗಾಯವೊಂದು ಕಣ್ತಪ್ಪಿದರೆ ಕಾಲೇ ಹೋದೀತು ಎಂದಿದ್ದಾರೆ ಡಾಕ್ಟರು. ಅದಕ್ಕೇ ದಿನಾ ಒಂಬತ್ತಕ್ಕೆ ಮಂಚದ ತುದಿಯಲ್ಲಿ ಕೂತು, ಪಾದ ತೊಡೆಯ ಮೇಲಿಟ್ಟುಕೊಂಡು ನೋಡುವುದು, ಮೂರು ನಾಲ್ಕು ದಿನಕ್ಕೊಮ್ಮೆ ಇಲ್ಲಿ ಬರೆಯುವುದು. ನೋಡುವುದನ್ನು ಒಂದು ದಿನವೂ ತಪ್ಪಿಸಿಲ್ಲ.

"ಸಾಹೇಬ್ರ ಇನ್ಸ್‌ಪೆಕ್ಷನ್ ಮುಗೀತಾ?" ದಿನಾ ಇದೇ ಪ್ರಶ್ನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಇದ್ದವಳು. ಧ್ವನಿಗೆ ಇನ್ನೂ ವಯಸ್ಸಾಗಿಲ್ಲ.

ಬಚ್ಚಲಿನ ಸೋಪಿನ ಮೇಲೆ ಹಲ್ಲಿನ ಗುರುತು. ಎರಡು ಸಾಲು. ಇಲಿ.

ಮಾರ್ಚ್ 5

ಸಕ್ಕರೆ 201. ಕಾಲು: ಎರಡೂ ಸರಿ.

ಒಂದಲ್ಲ, ಇಡೀ ಸಂಸಾರವೇ ಬಂದಿದೆ. ಬ್ರೆಡ್ಡಿನ ಪೊಟ್ಟಣಕ್ಕೆ ತೂತು. ಫ್ರಿಜ್ಜಿನ ಹಿಂದೆ ಹಿಕ್ಕೆ. ಪಕ್ಕದ ಕಾಳಿನ ಗೋದಾಮು ಕೆಡವುತ್ತಿದ್ದಾರಲ್ಲ, ಅಲ್ಲಿಂದ ಗುಳೆ ಎದ್ದಿವೆ. ನಮ್ಮದು ನೆಲಮಹಡಿ, ಮೊದಲನೇ ಬಾಗಿಲು. ಇನ್ನೆಲ್ಲಿಗೆ ಹೋಗಬೇಕು ಪಾಪ!

"ಯಾರನ್ನಾದ್ರೂ ಬೇಗ ಕರೀರಿ. ಮಂಚದ ಕೆಳಗೇ ಓಡಾಡೋ ಸದ್ದು ಕೇಳುತ್ತೆ ನಂಗೆ."

ಕರೆಯೋಣ. ಆದರೆ ಕ್ರಮವಾಗಿ ಆಗಲಿ. ಪರ್ಚೇಸ್ ಸೆಕ್ಷನ್ನಿನಲ್ಲಿ ಮೂವತ್ನಾಲ್ಕು ವರ್ಷ ಸವೆಸಿದವನು ನಾನು. ಮೂರು ಕೊಟೇಶನ್ ಇಲ್ಲದೆ ಒಂದು ಗುಂಡುಸೂಜಿ ಕೊಂಡವನಲ್ಲ. ಆಡಿಟ್ಟಿನಲ್ಲಿ ನನ್ನ ಫೈಲಿಗೆ ಒಂದೇ ಒಂದು ಆಕ್ಷೇಪ ಬಂದದ್ದಿಲ್ಲ. ಈ ಇಲಿ ಹಿಡಿಯುವ ಕಂಪನಿಗಳು ಬಾಯಿಗೆ ಬಂದ ರೇಟು ಹೇಳುತ್ತವಂತೆ... ನನ್ನ ಕಿವಿಗೆ ಹೂವಿಡಲು ಆಗದು.

ಸ್ಕೇಲು ಹುಡುಕಿದೆ. ದೊಡ್ಡ ಹಾಳೆಗೆ ಗೆರೆ ಎಳೆದೆ. ಭೇಟಿ ಎಷ್ಟು, ಔಷಧಿ ಯಾವುದು, ಬಿಲ ಮುಚ್ಚುವುದು ಸೇರಿದೆಯೋ ಇಲ್ಲವೋ, ಗ್ಯಾರಂಟಿ, ತೆರಿಗೆ. ಕಂಪ್ಯಾರಟಿವ್ ಸ್ಟೇಟ್‌ಮೆಂಟ್. ರಿಟೈರ್ ಆಗಿ ಎರಡು ವರ್ಷದ ಮೇಲೆ ಕೈಗೊಂದು ಕೆಲಸ ಸಿಕ್ಕಿದೆ. ಸುಳ್ಳು ಯಾಕೆ, ಖುಷಿಯಾಯಿತು.

ಮಾರ್ಚ್ 9, ಸಂಜೆ

ಸಕ್ಕರೆ 195. ಕಾಲು: ಎರಡೂ ಸರಿ.

ಇಬ್ಬರು ಬಂದು ಹೋದರು.

ಮೊದಲನೆಯವನು ಟೈ ಕಟ್ಟಿದ್ದ. ಮೂರು ಭೇಟಿ, ನಾಲ್ಕು ಸಾವಿರದ ಎಂಟುನೂರು. ತೆರಿಗೆ ಬೇರೆ. ಬಿಲ ಮುಚ್ಚುವುದು ಇವರ ಕೆಲಸವಲ್ಲವಂತೆ. ಹಾಗಾದರೆ ಇವರು ಒಳಗಿನ ಇಲಿ ಹಿಡಿಯುತ್ತಾರೆ, ಹೊರಗಿನದು ಒಳಗೆ ಬರುತ್ತದೆ, ಮತ್ತೆ ಇವರನ್ನೇ ಕರೆಯಬೇಕು. ಒಳ್ಳೆಯ ವ್ಯಾಪಾರ.

ಎರಡನೆಯವನು ನೀಲಿ ಸಮವಸ್ತ್ರ. ವರ್ಷದ ಕಾಂಟ್ರಾಕ್ಟ್, ಏಳು ಸಾವಿರದ ಇನ್ನೂರು, ತಿಂಗಳಿಗೊಂದು ಭೇಟಿ. ಬಿಲ ಮುಚ್ಚಲು ಅಡಿಗಿಷ್ಟು ಎಂದು ಬೇರೆ. ಗ್ಯಾರಂಟಿ ಕೇಳಿದೆ. "ಇಲಿಗೆ ಗ್ಯಾರಂಟಿ ಹೇಗೆ ಸಾರ್ ಕೊಡೋದು?" ಎಂದ. "ಇಲಿಗಲ್ಲಪ್ಪ, ನಿನ್ನ ಕೆಲಸಕ್ಕೆ" ಎಂದೆ. ಇವಳು ಒಳಗಿಂದ ನಕ್ಕಳು.

ಇಬ್ಬರದೂ ಲೆಟರ್‌ಹೆಡ್ಡಿನಲ್ಲಿ ಬಂತು. ಇನ್ನೊಂದು ಬೇಕು.

ಮಾರ್ಚ್ 12, ಬೆಳಿಗ್ಗೆ 11

ಸಕ್ಕರೆ 210. ಕಾಲು: ಎಡ ಸರಿ. ಬಲ ಹೆಬ್ಬೆರಳಿನ ತುದಿ ಒಂದಿಷ್ಟು ಸುಲಿದಿದೆ. ಚಪ್ಪಲಿಯ ಪಟ್ಟಿ ಉಜ್ಜಿರಬೇಕು. ಮುಲಾಮು ಹಚ್ಚಿದೆ. ನಾಳೆ ಮತ್ತೆ ನೋಡಬೇಕು.

ನನಗೆ ಹೇಳದೆ ಇವಳೇ ಅಂಗಡಿಯವರ ಹತ್ತಿರ ನಂಬರು ಕೇಳಿ ಒಬ್ಬನನ್ನು ಕರೆಸಿದ್ದಳು. ವಯಸ್ಸಾದವನು, ಸೈಕಲ್ಲಿಗೆ ನಾಲ್ಕು ಬೋನು ಕಟ್ಟಿಕೊಂಡು ಬಂದ. ಎರಡೇ ನಿಮಿಷ. ಅಡುಗೆಮನೆಯ ಪೈಪಿನ ಪಕ್ಕ ಬೆರಳಿಟ್ಟು, "ಇಲ್ಲೇ ಸಾರ್ ದಾರಿ" ಎಂದ. ಟೈ ಕಟ್ಟಿದವನಿಗೂ ಕಂಡಿರಲಿಲ್ಲ ಅದು. ಜಾಲರಿ ಬಡಿದು ಸಿಮೆಂಟು ಹಾಕಿ, ವಾರ ಪೂರ್ತಿ ಬೋನು ಇಡಲು ಒಂದೂವರೆ ಸಾವಿರ.

"ಇವತ್ತೇ ಶುರು ಮಾಡ್ತೀನಿ."

"ಬರೆದು ಕೊಡಿ."

"ಏನು ಬರೆಯೋದು ಸಾರ್?"

"ಕೊಟೇಶನ್. ಲೆಟರ್‌ಹೆಡ್ಡಲ್ಲಿ. ಸೀಲ್ ಹಾಕಿ."

ಬರಿಗೈ ತೋರಿಸಿದ. "ನನ್ನ ಹತ್ರ ಇರೋದು ಇದೊಂದೇ ಸಾರ್. ಬಾಯಿಮಾತು."

ಬಾಯಿಮಾತು ಫೈಲಿಗೆ ಹೋಗುವುದಿಲ್ಲ. ನಾಳೆ ಇಲಿ ಮತ್ತೆ ಬಂದರೆ ಯಾರನ್ನು ಕೇಳುವುದು? ಆಮೇಲೆ ತಿಳಿಸುತ್ತೇನೆ ಎಂದೆ. ಹೊರಡುವಾಗ ಅವನು ಕೋಣೆಯತ್ತ ಇಣುಕಿದ. ಇವಳು ಕಾಲು ಚಾಚಿ ಕೂತಿದ್ದಳು.

"ಅಮ್ಮಾವ್ರಿಗೆ ಸಕ್ಕರೆ ಕಾಯಿಲೆನಾ? ಮಲಗೋವಾಗ ದಪ್ಪ ಕಾಲುಚೀಲ ಹಾಕ್ಸಿ. ಗೋದಾಮಿನ ಇಲಿ ಇವು, ಕಾಳು ತಪ್ಪಿ ಹಸಿದಿವೆ."

ಹೆದರಿಸಿ ವ್ಯಾಪಾರ ಕುದುರಿಸುವ ಉಪಾಯ. ಇಂಥವರನ್ನು ಎಷ್ಟು ಕಂಡಿಲ್ಲ.

"ಈ ಮನೆಗೆ ಆಡಿಟರ್ ಯಾರು ರೀ?" ಎಂದು ಕೇಳಿದಳು ಇವಳು.

ಮಾರ್ಚ್ 14

ಸಕ್ಕರೆ 206.

ಕಂಪನಿಗಳ ಫೋನು ಒಂಬತ್ತಕ್ಕೆ ತೆರೆಯುತ್ತದೆ. ಐದು ನಿಮಿಷ ತಡವಾದರೂ ಬಿಜಿ. ಒಂಬತ್ತಕ್ಕೆ ಸರಿಯಾಗಿ ಹಿಡಿದು ಕೂರಬೇಕು. ಮೂರನೆಯ ಕಂಪನಿ ಊರಿನ ಆ ಕಡೆಯದು, ಹೆಸರಿದೆ. ಸೋಮವಾರ ಸೈಟ್ ವಿಸಿಟ್ ಎಂದಿದ್ದಾರೆ.

ಏಳು ಸಾವಿರದ ಇನ್ನೂರನ್ನು ಹನ್ನೆರಡರಿಂದ ಭಾಗಿಸಿದರೆ ಭೇಟಿಗೆ ಆರುನೂರು. ನಾಲ್ಕು ಸಾವಿರದ ಎಂಟುನೂರನ್ನು ಮೂರರಿಂದ ಭಾಗಿಸಿದರೆ ಸಾವಿರದ ಆರುನೂರು. ಆದರೆ ಹನ್ನೆರಡು ಭೇಟಿ ನಮಗೆ ಬೇಕೇ? ಹೀಗೇ ಜನರನ್ನು ದಾರಿ ತಪ್ಪಿಸುವುದು. ಇನ್ನೊಂದು ಕಾಲಂ ಸೇರಿಸಿದೆ.

ಮಾರ್ಚ್ 17

ಸಕ್ಕರೆ 219. ಇವಳು ಚಿಕ್ಕ ಮುಖ ಮಾಡಿಕೊಂಡಿದ್ದಾಳೆ. ಸರಿಯಾಗಿ ನಿದ್ದೆಯಿಲ್ಲವಂತೆ.

ಮೂರನೆಯವರು ಬರಲಿಲ್ಲ. ಗುರುವಾರವಂತೆ. ಮೇಲಿನ ಮನೆಯವರೂ ಬಂದು ನನ್ನ ಪಟ್ಟಿ ನೋಡಿದರು. ಇಷ್ಟು ಚೊಕ್ಕವಾಗಿ ಯಾರೂ ಮಾಡುವುದಿಲ್ಲ ಎಂದರು. ಒಂದು ಪ್ರತಿ ಬೇಕಂತೆ.

ಮಾರ್ಚ್ 20, ಮಧ್ಯಾಹ್ನ

ಸಕ್ಕರೆ 224.

ಬಂದರು! ಅಳತೆ ಟೇಪು, ಟಾರ್ಚು, ಫೋಟೋ. ಇದಪ್ಪಾ ಕೆಲಸ ಅಂದರೆ. ಕೊಟೇಶನ್ ಮೂರು ದಿನದಲ್ಲಿ ಕಳಿಸುತ್ತಾರೆ. ಟೈ ಕಟ್ಟಿದವನಿಗೆ ಫೋನ್ ಮಾಡಿ ಇನ್ನೊಬ್ಬರು ಬಂದಿದ್ದಾರೆ ಎಂದೆ. ಕೂಡಲೇ ಇನ್ನೂರು ಇಳಿಸಿದ. ಹಳೆಯ ಹುಲಿ ನಾನು.

ಹಾಸಿಗೆಯ ಬಟ್ಟೆಯ ತುದಿಗೆ ಕಂದು ಕಲೆ. ಮುಲಾಮಿನದಿರಬೇಕು. ನೆನೆಹಾಕಿದೆ.

ಮಾರ್ಚ್ 23

ಸಕ್ಕರೆ 260. ಯಾಕೆ ಏರುತ್ತಿದೆಯೋ? ಮೈ ಬಿಸಿ ಇದೆ.

ಕೊಟೇಶನ್ ಇನ್ನೂ ಬಂದಿಲ್ಲ. ನಾಳೆ ಒಂಬತ್ತಕ್ಕೆ ಫೋನು.

ಮಾರ್ಚ್ 24

ಫೋನು ಮಾಡಲಿಲ್ಲ.

ಜ್ವರ ನೋಡೋಣವೆಂದು ಹೊದಿಕೆ ಸರಿಸಿದೆ.

ಬಲಗಾಲಿನ ಹೆಬ್ಬೆರಳು... ತುದಿ ಇಲ್ಲ. ಪಕ್ಕದ ಎರಡು ಬೆರಳೂ ಕಡಿದಿವೆ. ಸೋಪಿನ ಮೇಲಿದ್ದವಲ್ಲ, ಅವೇ ಎರಡು ಸಾಲು. ಕಪ್ಪು. ವಾಸನೆ. ಹಾಸಿಗೆಗೆ ಅಂಟಿಕೊಂಡಿತ್ತು.

"ಏನ್ರೀ, ಯಾಕೆ ಸುಮ್ಮನಾದ್ರಿ?" ಎಂದಳು. "ಇನ್ಸ್‌ಪೆಕ್ಷನ್ ಮುಗೀತಾ?"

ಹೊದಿಕೆ ಮತ್ತೆ ಮುಚ್ಚಿದೆ.

ಮಾರ್ಚ್ 24, ಸಂಜೆ, ಆಸ್ಪತ್ರೆ

ಡಾಕ್ಟರು ಕೇಳಿದರು, "ಗಾಯ ಯಾವತ್ತಿನದು?"

"ನಿನ್ನೆ."

ನನ್ನ ಮುಖ ನೋಡಿದರು. "ಇದು ಒಂದು ದಿನದ ಗಾಯ ಅಲ್ಲ. ಹತ್ತು ದಿನದ ಮೇಲಾಗಿದೆ. ಮನೇಲಿ ಕಾಲು ನೋಡೋರು ಯಾರು?"

ನಾನು ಎಂದೆ. ಅವರು ಏನೋ ಬರೆದುಕೊಂಡರು.

ಮಾರ್ಚ್ 27

ಮೂರು ಬೆರಳು ತೆಗೆದರು. ವಿಷ ಮೇಲೇರುತ್ತಿದೆ ಎನ್ನುತ್ತಾರೆ.

ಬಟ್ಟೆ ತರಲು ಮನೆಗೆ ಹೋದೆ. ಬಾಗಿಲ ಸಂದಿಯಲ್ಲಿ ಲಕೋಟೆ. ಮೂರನೆಯ ಕೊಟೇಶನ್. ಬಣ್ಣದ ಲೆಟರ್‌ಹೆಡ್, ಸೀಲು, ಸಹಿ. ನಾಲ್ಕು ಸಾವಿರದ ನಾನೂರ ಐವತ್ತು, ತೆರಿಗೆ ಬೇರೆ. ಟೈ ಕಟ್ಟಿದವನು ಇಳಿಸಿದ ರೇಟಿಗಿಂತ ನೂರೈವತ್ತು ಕಡಿಮೆ.

ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟೆ. ಅಳು ಬಂತು. ಅತ್ತೆ.

ಮಾರ್ಚ್ 31

ಮೊಣಕಾಲಿನ ಕೆಳಗೆ ಕತ್ತರಿಸಬೇಕಂತೆ. ಇನ್ನೊಬ್ಬ ಡಾಕ್ಟರಿಗೂ ತೋರಿಸಿದೆ. ಅವರದೂ ಅದೇ ಮಾತು. ಮತ್ತೊಂದು ಕಡೆ ಕೇಳಲೇ ಎಂದು ಇವಳ ಹತ್ತಿರ ಅಂದೆ. ಮನುಷ್ಯನಿಗೆ ನಾಚಿಕೆ ಬೇಡವೇ? ಅಂದುಬಿಟ್ಟೆ.

ಕೈ ತಡಕಿ ನನ್ನ ಅಂಗಿಯ ತೋಳು ಹಿಡಿದಳು.

"ಮೂರನೇದು ಬೇಡ ರೀ. ಸಹಿ ಹಾಕಿ."

ಹಾಕಿದೆ. ನನ್ನದೇ ಸಹಿ, ನನಗೇ ಗುರುತು ಸಿಗದ ಹಾಗೆ ಬಂತು.

ಏಪ್ರಿಲ್ 9

ಬೋನಿನವನನ್ನು ಕರೆಸಿದೆ. ಒಂದೇ ಮಧ್ಯಾಹ್ನದಲ್ಲಿ ಪೈಪಿನ ದಾರಿ ಮುಚ್ಚಿ ನಾಲ್ಕು ಕಡೆ ಬೋನು ಇಟ್ಟ. ಒಂದು ಮಂಚದ ಕೆಳಗೆ. ಅಮ್ಮಾವ್ರು ಎಲ್ಲಿ ಎಂದು ಕೇಳಿದ. ಹೇಳಿದೆ. ಕರಣೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ.

"ನಾನೇ ಕಾಗದದ ಮೇಲೆ ಏನೋ ಒಂದು ಗೀಚಿ ಕೊಡಬೇಕಿತ್ತು ಸಾರ್" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 16

ಬೋನಿನವನು ಒಟ್ಟು ಹದಿಮೂರು ಹಿಡಿದ. ಎರಡು ದಿನದಿಂದ ಒಂದೂ ಬಿದ್ದಿಲ್ಲ. ಹೇಳಿದ ಹಾಗೆ ಒಂದೂವರೆ ಸಾವಿರ ತೆಗೆದುಕೊಂಡ. ರಸೀದಿ ಕೇಳಲಿಲ್ಲ.

ಇಲ್ಲಿ ಹಿಂದಿನ ಪುಟ ತಿರುವಿದೆ. ಹನ್ನೆರಡನೇ ತಾರೀಕು: ನಾಳೆ ಮತ್ತೆ ನೋಡಬೇಕು. ಆಮೇಲೆ ಹದಿನಾಲ್ಕು, ಹದಿನೇಳು, ಇಪ್ಪತ್ತು, ಇಪ್ಪತ್ತಮೂರು. ಸಕ್ಕರೆ ಇದೆ, ಬೆರಳು ಅವಳೇ ಚಾಚುತ್ತಾಳೆ, ಅರ್ಧ ನಿಮಿಷದ ಕೆಲಸ. ಇಲಿ ಇದೆ, ರೇಟು ಇದೆ. ಕಾಲು ಎಲ್ಲೂ ಇಲ್ಲ. ಹನ್ನೊಂದು ದಿನ.

ಇವಳು ತಿಳಿದುಕೊಂಡಿರುವುದು ಒಂದೇ ಸಲ ಕಚ್ಚಿತು ಎಂದು. ನಾನೇ ಹಾಗೆ ಹೇಳಿದ್ದು.

ಏಪ್ರಿಲ್ 19

ಮನೆಗೆ ಕರೆತಂದೆ. ತುಂಬಾ ಹಗುರಾಗಿದ್ದಾಳೆ.

ಏಪ್ರಿಲ್ 20, ಸಂಜೆ 6

ಚಹಾ ಕುಡಿಯುತ್ತಾ ಕೇಳಿದಳು, "ದಿನಾ ನನ್ನ ಕಾಲು ನೋಡಿ ಡೈರೀಲಿ ಬರೀತಿದ್ರಲ್ಲ, ಓದಿ. ಹಿಂದಿನ ತಿಂಗಳದ್ದು."

"ಈಗ್ಯಾಕೆ?"

"ಓದಿ ಅಂದ್ನಲ್ಲ."

ಓದಿದೆ. ಎರಡು, ಐದು, ಒಂಬತ್ತು, ಇದ್ದದ್ದು ಇದ್ದ ಹಾಗೆ. ಹನ್ನೆರಡರ ಸುಲಿದ ಬೆರಳು ಬಿಟ್ಟೆ. ಹದಿಮೂರರಿಂದ ಕಟ್ಟಿಕೊಂಡು ಓದಿದೆ. ಕಾಲು ಸರಿ. ಕಾಲು ಸರಿ. ಪುಟ ಮಗುಚುವ ಸದ್ದೂ ಮಾಡಿದೆ. ಮೂವತ್ನಾಲ್ಕು ವರ್ಷ ಒಂದು ಸುಳ್ಳು ಎಂಟ್ರಿ ಹಾಕದವನು.

ಪೂರ್ತಿ ಕೇಳಿದಳು. ಲೋಟ ಕೆಳಗಿಟ್ಟಳು.

"ನೀವು ಕಾಲು ಹತ್ರ ಕೂತ್ರೆ ಮಂಚ ಕಿರ್ ಅನ್ನುತ್ತೆ ರೀ. ಕಾಲಿಗೆ ಗೊತ್ತಾಗದಿದ್ರೂ ಕಿವಿಗೆ ಗೊತ್ತಾಗುತ್ತೆ. ಹನ್ನೊಂದು ದಿನ ಕಿರ್ ಅನ್ನಲೇ ಇಲ್ಲ."

ಡೈರಿ ಮುಚ್ಚಿದೆ.

"ಮತ್ತೆ... ಯಾಕೆ ನೆನಪು ಮಾಡಲಿಲ್ಲ?" ನನ್ನ ಬಾಯಿಂದ ಬಂದದ್ದು ಇದು. ಇದೇ.

"ಮಾಡೋಣ ಅಂತ ದಿನಾ ಅನ್ಕೋತಿದ್ದೆ. ಆದ್ರೆ ಬೆಳಿಗ್ಗೆ ಬೆಳಿಗ್ಗೆ ಫೋನಲ್ಲಿ ಅವರ ಜೊತೆ ಗುದ್ದಾಡ್ತಿದ್ರಲ್ಲ, ಆಫೀಸಿಗೆ ಹೋಗ್ತಿದ್ದಾಗಿನ ಧ್ವನಿ ಬಂದಿತ್ತು ನಿಮಗೆ. ಎರಡು ವರ್ಷದಿಂದ ಆ ಧ್ವನಿ ಕೇಳಿರಲಿಲ್ಲ. ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಇರಲಿ ಅಂತ..."

ಗೋಡೆಯ ಕಡೆ ತಿರುಗಿ ಮಲಗಿದಳು.

ಏಪ್ರಿಲ್ 21, ಬೆಳಿಗ್ಗೆ 9

ಕೂತೆ. ಮಂಚ ಕಿರ್ ಎಂದಿತು. ಅವಳು ಏನೂ ಕೇಳಲಿಲ್ಲ.

ಸಕ್ಕರೆ 176. ಕಾಲು: ಎಡ ಸರಿ. ಬಲ